ಪಾಸ್‌ವರ್ಡ್ ಯಾರ ಜೇಬಲ್ಲಿದೆ?



ಏಪ್ರಿಲ್ 14ರಂದು ನಮ್ಮ ವೆಬ್‌ಸೈಟ್ ಶುರುವಾದಾಗಿನಿಂದ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಗಲಾಟೆ. ಮುಖಪುಟದಲ್ಲಿ ಸಂಚಾಲಕರ ಫೋಟೊ ಯಾಕಿಲ್ಲ? ಪದಾಧಿಕಾರಿಗಳ ಪಟ್ಟಿ ಯಾಕೆ ತಳಕ್ಕೆ ಹೋಯ್ತು? ನೀಲಿ ಬಾವುಟ ಹಾರಾಡೋ ಹಾಗೆ ಮಾಡಬಹುದಿತ್ತಲ್ಲ? ಬೆಂಗಳೂರಿನ ಐಟಿ ಗೆಳೆಯರದು ಇನ್ನೊಂದು ರಾಗ: "ಬ್ರೋ, ಇಪ್ಪತ್ತು ವರ್ಷ ಹಳೇ ಸೈಟ್ ಥರ ಇದೆ, ಬರೀ ಅಕ್ಷರ." ಎಲ್ಲರಿಗೂ ಒಟ್ಟಿಗೇ ಉತ್ತರ ಬರೀತಿದೀನಿ. ಉದ್ದ ಇದೆ. ಪೂರ್ತಿ ಓದಿ, ಆಮೇಲೆ ಬೈಯಿರಿ.

ಬರೀ ಅಕ್ಷರ ಇದೆ, ನಿಜ. ಬೇಕು ಅಂತಲೇ ಹಾಗೆ ಮಾಡಿದ್ದು. ಈ ಸೈಟು ನೋಡೋರು ಯಾರು ಅಂತ ಮೊದಲು ಹೇಳಿ. ನೀವಲ್ಲ, ನಾನೂ ಅಲ್ಲ. ನಮಗೆ ಆಫೀಸಿನ ವೈಫೈ ಇದೆ, ಲ್ಯಾಪ್‌ಟಾಪ್ ಇದೆ. ಕೇರಿಯಲ್ಲಿ ಇರೋದು ಗಾಜು ಒಡೆದ ಫೋನು, ಮನೆಗೆ ಒಂದು. ಅದರ ಮೆಮೊರಿ ಪೂರ್ತಿ ವಾಟ್ಸಾಪ್ ಗುಡ್ ಮಾರ್ನಿಂಗ್ ಫೋಟೊಗಳಿಂದ ತುಂಬಿರುತ್ತೆ. ಸಂಜೆ ಹೊತ್ತಿಗೆ ಆ ದಿನದ ಡೇಟಾ ಮುಗಿದಿರುತ್ತೆ, ಚಕ್ರ ತಿರುಗ್ತಾನೇ ಇರುತ್ತೆ. ಯೂನಿಕೋಡ್‌ನಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು, ಇಂಗ್ಲಿಷ್ ಅಕ್ಷರಕ್ಕೆ ಒಂದೇ ಸಾಕು. ಅಲ್ಲೂ ನಮಗೆ ತೂಕ ಜಾಸ್ತಿ! ಆದರೂ ಈಗ ನೀವು ಓದ್ತಾ ಇರೋ ಇಷ್ಟುದ್ದದ ಬರಹ ಐವತ್ತು ಕೆಬಿ ಆಸುಪಾಸು. ವೇದಿಕೆ ಮೇಲೆ ಶಾಲು ಹೊದ್ದು ನಿಂತ ಒಬ್ಬ ಸಂಚಾಲಕರ ಫೋಟೊ, ಫೋನಿಂದ ತೆಗೆದದ್ದನ್ನ ಹಾಗೇ ಹಾಕಿದರೆ, ಮೂರು ನಾಲ್ಕು ಎಂಬಿ. ಒಬ್ಬರ ಮುಖಕ್ಕೆ ಅರವತ್ತರಿಂದ ಎಂಬತ್ತು ಲೇಖನ ಬಲಿ. ಅಂಥ ಎಂಟು ಫೋಟೊ ಸಾಲಾಗಿ ಜಾರೋ ಹಾಗೆ ಮಾಡಿ ಅಂತೀರಲ್ಲ, ಆ ಡೇಟಾ ದುಡ್ಡು ಯಾರಪ್ಪನ ಮನೆಯದು? ಕೂಲಿ ಮಾಡೋ ಅಕ್ಕ ರೀಚಾರ್ಜ್ ಮಾಡಿಸಿದ್ದು ನಿಮ್ಮ ಶಾಲು ನೋಡೋಕಲ್ಲ.

ಸೈಟು ಊರಿಗೆ ತೋರಿಸೋ ಮುಂಚೆ ಕೇರಿಗೆ ತಗೊಂಡು ಹೋದೆವು. ಫೋನ್ ಕೈಗೆ ಕೊಟ್ಟು, ಏನೂ ಹೇಳಿಕೊಡದೆ, ಸುಮ್ಮನೆ ಪಕ್ಕದಲ್ಲಿ ಕೂತೆವು. ಎಲ್ಲ ಸೈಟಿನ ಮೂಲೆಯಲ್ಲೂ ಮೂರು ಅಡ್ಡ ಗೆರೆ ಇರುತ್ತಲ್ಲ, ಒತ್ತಿದರೆ ಪಟ್ಟಿ ಬಿಚ್ಚಿಕೊಳ್ಳೋದು, ಅದನ್ನ ನೋಡಿ ಒಬ್ಬ ಅಜ್ಜಿ, "ಇದ್ಯಾಕಪ್ಪ ಈಬತ್ತಿ ಬಳ್ದವ್ರೆ ಇಲ್ಲಿ?" ಅಂದರು. ಅವತ್ತು ನಗು ತಡೆಯೋಕೆ ಆಗಲಿಲ್ಲ. ಆದರೆ ಅಜ್ಜಿ ಸರಿ. ಆ ಗೆರೆಗೆ ಅರ್ಥ ಇದೆ ಅಂತ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಗೆರೆ ಹೋಯಿತು. ಈಗ ಅಲ್ಲಿ ದೊಡ್ಡದಾಗಿ ನಾಲ್ಕು ಸಾಲು ಇವೆ: ಏನಾಯ್ತು ಹೇಳಿ. ಕೇಸು ಎಲ್ಲಿಗೆ ಬಂತು ನೋಡಿ. ಹಳೇ ಕಾಗದ ಹುಡುಕಿ. ನಮಗೆ ಫೋನ್ ಮಾಡಿ. ಒಬ್ಬ ಮೇಷ್ಟ್ರು "ಭಾಷೆ ಗಂಭೀರವಾಗಿಲ್ಲ" ಅಂತ ಆಕ್ಷೇಪ ತೆಗೆದರು. ಗಂಭೀರ ಭಾಷೆ ಬೇಕಾದರೆ ಠಾಣೆಗೆ ಹೋಗಿ ಸರ್. ಅಲ್ಲಿ 'ಪ್ರಥಮ ವರ್ತಮಾನ ವರದಿ' ಅಂತ ಬರೆದಿರುತ್ತೆ. ಕೇರಿಯಲ್ಲಿ ಅದಕ್ಕೆ ಎಫ್‌ಐಆರ್ ಅಂತಾರೆ, ಎಲ್ಲರಿಗೂ ಗೊತ್ತಾಗುತ್ತೆ. 'ಫಲಾನುಭವಿ' ಅನ್ನೋ ಪದವನ್ನಂತೂ ಸೈಟಿನ ಹೊಸಿಲು ತುಳಿಯೋಕೆ ಬಿಟ್ಟಿಲ್ಲ. ಕಾನೂನು ಕೊಟ್ಟ ಹಕ್ಕು ಕೇಳೋನು ಯಾರದೋ ಫಲ ಅನುಭವಿಸೋಕೆ ಬಂದೋನಲ್ಲ.

ಲಾಗಿನ್ ಇಲ್ಲ, ಒಟಿಪಿ ಇಲ್ಲ. ಅದಕ್ಕೂ ತಕರಾರು. ಸಿಮ್ ಇರೋದು ಮಗನ ಹೆಸರಲ್ಲಿ, ಮಗ ಇರೋದು ಬೆಂಗಳೂರಿನ ಗಾರೆ ಕೆಲಸದಲ್ಲಿ. ಒಟಿಪಿ ಅವನ ಫೋನಿಗೆ ಹೋದರೆ ತಾಯಿ ಏನು ಮಾಡಬೇಕು? ಅದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಹೆಂಗಸರು ಹೇಳೋ ವಿಷಯ ಗಂಡನ ಫೋನಿಗೆ ಮೆಸೇಜಾಗಿ ಬಂದರೆ ಆ ಮನೆಯಲ್ಲಿ ಅವತ್ತು ರಾತ್ರಿ ಏನಾಗಬಹುದು ಅಂತ ನಮ್ಮ ಸಭೆಗಳಲ್ಲಿ ಕೇಳಿದ್ದು ಹೆಂಗಸರು ಮಾತ್ರ. ಅದಕ್ಕೇ ನಾವಾಗಿ ಯಾರಿಗೂ ಮೆಸೇಜು ಕಳಿಸಲ್ಲ. ಅವರು ಹೇಳಿದ ಹೊತ್ತಿಗೆ, ಅವರು ಹೇಳಿದ ನಂಬರಿಗೆ, ಹೆಣ್ಣುಮಕ್ಕಳೇ ಫೋನ್ ಮಾಡ್ತಾರೆ. ಅಷ್ಟೇ.

ಈಗ ನುಡಿ ವಿಷಯಕ್ಕೆ ಬರ್ತೀನಿ. ಇದು ನನ್ನ ಹೊಟ್ಟೆಯೊಳಗಿನ ಸಂಕಟ.

ನಮ್ಮ ಚಳವಳಿಗೆ ಐವತ್ತು ವರ್ಷದ ಕಾಗದ ಇದೆ. ಕೃಷ್ಣಪ್ಪನವರ ಕಾಲದ ಕರಪತ್ರ, 'ಪಂಚಮ' ಪತ್ರಿಕೆ, ಹೆಂಡ ಬೇಡ ವಸತಿ ಶಾಲೆ ಬೇಕು ಅಂತ ಊರೂರು ಸುತ್ತಿದ ಜಾಥಾದ ಹಾಳೆಗಳು, 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆ ವಿರುದ್ಧ ನಿಂತಾಗಿನ ಬರಹಗಳು. ಸೈಕ್ಲೋಸ್ಟೈಲ್ ಕಾಲದ್ದು ಗೆದ್ದಲು ತಿಂದು ಉಳಿದಷ್ಟು ಉಳಿದಿದೆ. ಸ್ಕ್ಯಾನ್ ಮಾಡಬಹುದು, ಟೈಪ್ ಮಾಡಬಹುದು. ವಿಚಿತ್ರ ಅಂದರೆ ಕಂಪ್ಯೂಟರ್ ಬಂದ ಮೇಲಿನದ್ದು ಅದಕ್ಕಿಂತ ಪೂರ್ತಿ ಕಳೆದು ಹೋಗಿದೆ. ತಾಲ್ಲೂಕಿನ ಡಿಟಿಪಿ ಅಂಗಡಿಯಲ್ಲಿ ಪೇಜ್‌ಮೇಕರ್‌ನಲ್ಲಿ ಕೂರಿಸಿದ ಕರಪತ್ರ, ನುಡಿ ಅಥವಾ ಶ್ರೀಲಿಪಿ ಅಕ್ಷರ. ಆ ಹಳೇ ಫಾಂಟುಗಳಲ್ಲಿ ಇರೋದು ಕನ್ನಡ ಅಲ್ಲವೇ ಅಲ್ಲ. ಇಂಗ್ಲಿಷ್, ಯುರೋಪಿಯನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಅಂಟಿಸಿರುತ್ತೆ. ಫಾಂಟ್ ಇಲ್ಲದ ಕಡೆ ತೆರೆದರೆ ಬರೀ ಗೀಜಲು ಗೀಜಲು. ಫೋನಲ್ಲಿ ಓದೋಕಾಗಲ್ಲ, ಗೂಗಲ್‌ನಲ್ಲಿ ಹುಡುಕಿದರೆ ಸಿಗಲ್ಲ.

ಇದರ ಅರ್ಥ ಏನು ಗೊತ್ತಾ? ಒಬ್ಬ ಹಾಸ್ಟೆಲ್ ಹುಡುಗಿ ತನ್ನ ಊರಿನ ಹೆಸರು, ಭೂ ಹೋರಾಟ ಅಂತ ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದರೆ ಅವಳಿಗೆ ಜಮೀನ್ದಾರನ ಮೊಮ್ಮಗನ ರಿಯಲ್ ಎಸ್ಟೇಟ್ ಲೇಔಟ್ ಸಿಗುತ್ತೆ. ಅದೇ ಹೊಲದಲ್ಲಿ ಅವಳ ತಾತ ಜೈಲಿಗೆ ಹೋದ ಕಥೆ ಸಿಗಲ್ಲ. ಕಥೆ ಬರೆದಿದ್ದೀವಿ, ಅಚ್ಚು ಹಾಕಿಸಿದ್ದೀವಿ, ಹಂಚಿದ್ದೀವಿ. ಯಂತ್ರ ಓದೋ ಅಕ್ಷರದಲ್ಲಿ ಮಾತ್ರ ಇಟ್ಟಿಲ್ಲ. ಈಗ ಎಲ್ಲರ ಬಾಯಲ್ಲೂ ಎಐ. ಅದು ಕಲಿಯೋದೂ ಓದೋಕೆ ಸಿಕ್ಕಿದ್ದರಿಂದಲೇ. ನಮ್ಮದು ಓದೋಕೆ ಸಿಗದಿದ್ದರೆ, ನಮ್ಮ ಬಗ್ಗೆ ಬೇರೆಯವರು ಬರೆದದ್ದನ್ನೇ ಅದು ಒಪ್ಪಿಸುತ್ತೆ.

ಸರ್ಕಾರ ಇದರಲ್ಲಿ ನಮಗಿಂತ ದೊಡ್ಡ ಅಣ್ಣ. ಪರಿಶಿಷ್ಟರ ಯೋಜನೆಗಳ ಎಷ್ಟೋ ಆದೇಶಗಳು ಓರೆಯಾಗಿ ಸ್ಕ್ಯಾನ್ ಆದ ಪಿಡಿಎಫ್. ಅದು ಅಕ್ಷರ ಅಲ್ಲ, ಕಾಗದದ ಫೋಟೊ. ಒಂದು ಪದ ಹುಡುಕಬೇಕು ಅಂದರೆ ನಲವತ್ತು ಪುಟ ಕಣ್ಣಲ್ಲೇ ಸೋಸಬೇಕು. ಎಸ್‌ಸಿಎಸ್‌ಪಿ ಟಿಎಸ್‌ಪಿ ದುಡ್ಡು ಎಲ್ಲಿಗೆ ಹೋಯ್ತು ಅಂತ ಕೇಳೋನು ಮೊದಲು ಅಂಥ ಪಿಡಿಎಫ್ ಜೊತೆ ಕುಸ್ತಿ ಆಡಬೇಕು. 2013ರ ಆ ಕಾಯ್ದೆಯಲ್ಲಿ 7ಡಿ ಅಂತ ಒಂದು ಕಿಂಡಿ ಇತ್ತಲ್ಲ, ರಸ್ತೆಗೂ ಸೇತುವೆಗೂ ನಮ್ಮ ದುಡ್ಡು ಸುರಿಯೋಕೆ. ಅದನ್ನ ಮುಚ್ಚಿಸೋಕೆ 2023ರ ತನಕ ಬಡಿದಾಡಬೇಕಾಯ್ತು. ಆ ಲೆಕ್ಕ ಎಲ್ಲರಿಗೂ ಹುಡುಕೋ ಹಾಗೆ ಇದ್ದಿದ್ದರೆ ಆ ಬಡಿದಾಟಕ್ಕೆ ಎಷ್ಟು ಕೈ ಸೇರ್ತಿತ್ತು ಯೋಚನೆ ಮಾಡಿ.

ಹಾಗಾಗಿ ಹಳೇ ಫೈಲುಗಳನ್ನ ಯೂನಿಕೋಡ್‌ಗೆ ತಿರುಗಿಸೋದೇ ಸೈಟಿನ ಅರ್ಧ ಕೆಲಸ. ಪರಿವರ್ತಕ ತಂತ್ರಾಂಶಗಳಿವೆ, ಬಿಟ್ಟಿಯಾಗೇ ಸಿಗ್ತವೆ. ಆದರೆ ಒತ್ತಕ್ಷರ, ಅರ್ಕಾವತ್ತು ಬಂದಲ್ಲಿ ತಪ್ಪು ನುಸುಳುತ್ತೆ, ಮನುಷ್ಯರೇ ಕೂತು ಓದಿ ತಿದ್ದಬೇಕು. ಈ ಕೆಲಸ ಹಾಸ್ಟೆಲ್ ಹುಡುಗ ಹುಡುಗಿಯರು ಮಾಡ್ತಿದ್ದಾರೆ, ಪುಟಕ್ಕೆ ಇಷ್ಟು ಅಂತ ದುಡ್ಡು ಕೊಡ್ತಿದ್ದೀವಿ. ಇದಕ್ಕೂ ಹಿರಿಯರೊಬ್ಬರು ಗರಂ ಆದರು: "ಚಳವಳಿಗೆ ದುಡ್ಡು ತಗೊಳ್ತಾರಾ? ನಾವು ಉಪವಾಸ ಇದ್ದು ಗೋಡೆ ಬರಹ ಬರೆದೋರು."

ಅಣ್ಣ, ನಿಮ್ಮ ಉಪವಾಸಕ್ಕೆ ತಲೆಬಾಗ್ತೀನಿ. ಆದರೆ ಮಾತು ಸ್ವಲ್ಪ ತಿರುಗಿಸಿ ನೋಡಿ. ಫ್ಲೆಕ್ಸ್ ಅಂಗಡಿಯವನಿಗೆ ದುಡ್ಡು ಕೊಟ್ರಿ. ಪೆಂಡಾಲ್ ಹಾಕಿದವನಿಗೆ ಕೊಟ್ರಿ. ಮೈಕ್ ಸೆಟ್‌ಗೆ, ಊಟದ ಕಾಂಟ್ರಾಕ್ಟರ್‌ಗೆ ಮುಂಗಡ ಕೊಟ್ರಿ. ಅವರಾರೂ ನಮ್ಮ ಕೇರಿಯವರಲ್ಲ. ನಮ್ಮದೇ ಹುಡುಗಿ ರಾತ್ರಿ ಹನ್ನೆರಡರ ತನಕ ಕೂತು ಮುನ್ನೂರು ಪುಟ ತಿದ್ದಿದರೆ ಅವಳದು ಮಾತ್ರ ಸೇವೆ! ಊರ ಹಬ್ಬಕ್ಕೆ ತಮಟೆ ಹೊಡಿ, ಸಾವಿಗೆ ಗುಂಡಿ ತೋಡು, ಕೂಲಿ ಕೇಳಬೇಡ. ಇದಕ್ಕೆ ಬಿಟ್ಟಿ ಚಾಕರಿ ಅಂತ ಹೆಸರಿಟ್ಟು ಬೀದಿಗಿಳಿದೋರು ನಾವೇ. ಅದನ್ನೇ ಲ್ಯಾಪ್‌ಟಾಪ್ ಮುಂದೆ ಕೂರಿಸಿ ಮಾಡಿಸಿದರೆ ಹೆಸರು ಬದಲಾಗುತ್ತಾ?

ಇನ್ನು ಜಾತಿ ಕಾಲಂ. ಸೈಟಿನ ತಾಂತ್ರಿಕ ಕೆಲಸಕ್ಕೆ ಸಹಾಯ ಮಾಡ್ತೀವಿ ಅಂತ ಬಂದ ಒಂದು ಕಂಪನಿಯವರು ನಮ್ಮ ದೂರಿನ ನಮೂನೆ ನೋಡಿ ಹೌಹಾರಿದರು. "ಜಾತಿ ಕೇಳೋದು ತೆಗೀರಿ ಸರ್, ಅದೇ ಜಾತೀಯತೆ ಅಲ್ವಾ?" ಸಭ್ಯರು, ನಗುನಗ್ತಾ ಹೇಳಿದರು. ಅಪ್ಪಾ, 1989ರ ದೌರ್ಜನ್ಯ ತಡೆ ಕಾಯ್ದೆ ಬಾಧಿತರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದು, ಆರೋಪಿ ಆ ಎರಡಕ್ಕೂ ಸೇರದವನಾಗಿದ್ದರೆ ಮಾತ್ರ ಅನ್ವಯ ಆಗುತ್ತೆ. ಜಾತಿ ಬರೆಯದಿದ್ದರೆ ಆ ಕೇಸು ಬರೀ ಹೊಡೆದಾಟದ ಕೇಸು. ಠಾಣೆಯಲ್ಲಿ ಎಷ್ಟೋ ಸಲ ಮಾಡೋದೂ ಇದನ್ನೇ, ಜಾತಿ ಬಿಟ್ಟು ಗಲಾಟೆ ಅಂತ ಬರ್ಕೊಳ್ಳೋದು. ಬಾವಿ ಹತ್ತಿರ ಹೊಡೆದವನಿಗೆ ಜಾತಿ ಗೊತ್ತಿತ್ತು, ಹೊಡೆತ ತಿಂದವನಿಗೂ ಗೊತ್ತಿತ್ತು. ಜಾತಿ ಗೊತ್ತಿಲ್ಲದಿರೋದು ಎಸಿ ರೂಮಲ್ಲಿ ಕೂತು ಸೈಟ್ ಬರೆಯೋರಿಗೆ ಮಾತ್ರ.

ಹಾಗಂತ ಕಾಲಂ ಇಟ್ಟ ತಕ್ಷಣ ಕೆಲಸ ಮುಗೀತು ಅಂತಲ್ಲ. ಸಾಮಾನ್ಯವಾಗಿ ಒಂದು ಪಟ್ಟಿ ಕೊಡ್ತಾರೆ, ಒತ್ತಿದರೆ ಹೆಸರುಗಳು ಉದ್ದಕ್ಕೆ ಬಿಚ್ಚಿಕೊಳ್ತವೆ, ಒಂದನ್ನ ಆರಿಸಬೇಕು. ಕರ್ನಾಟಕದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ 101 ಹೆಸರಿವೆ. ಒಡೆದ ಗಾಜಿನ ಮೇಲೆ 101 ಹೆಸರು ಜಾರಿಸಿ ನೋಡಿ, ಗೊತ್ತಾಗುತ್ತೆ. ಕೆಲವು ಹೆಸರು ಪಟ್ಟಿಯಲ್ಲಿ ಜಾತಿ, ಬೀದಿಯಲ್ಲಿ ಬೈಗುಳ. ಹೊಡೆಸಿಕೊಂಡು ಬಂದೋನು ತನ್ನನ್ನ ಬೈದ ಪದವನ್ನೇ ಹುಡುಕಿ ಒತ್ತಬೇಕು! ಇನ್ನು ಆದಿ ಕರ್ನಾಟಕ, ಆದಿ ದ್ರಾವಿಡ. ಸರ್ಟಿಫಿಕೇಟಲ್ಲಿ ಎಕೆ, ಮನೆಯಲ್ಲಿ ಒಬ್ಬರು ಹೊಲೆಯರು, ಇನ್ನೊಂದು ಊರಲ್ಲಿ ಅದೇ ಎಕೆ ಮಾದಿಗರು. 2025ರಲ್ಲಿ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ ಒಳಮೀಸಲಾತಿಗೆ ಸಮೀಕ್ಷೆ ಮಾಡಿದಾಗ ಮೊಬೈಲ್ ಆ್ಯಪ್ ಹಿಡಿದು ಬಂದ ಮೇಷ್ಟ್ರುಗಳ ಮುಂದೆ ಜನ ತಬ್ಬಿಬ್ಬಾಗಿದ್ದು ಇಲ್ಲೇ. ಬೆಂಗಳೂರಲ್ಲಿ ಬಾಡಿಗೆ ಮನೆ ಓನರ್‌ಗೆ ಗೊತ್ತಾದರೆ ಅನ್ನೋ ಭಯಕ್ಕೆ ಬಾಯೇ ಬಿಡದೋರೂ ಇದ್ದರು. ಜಾತಿ ಕೇಳೋ ಪೆಟ್ಟಿಗೆ ಒಂದೇ. ಒಬ್ಬರಿಗೆ ಅದು ಕಾನೂನಿನ ಬಾಗಿಲು, ಇನ್ನೊಬ್ಬರಿಗೆ ಮನೆ ಖಾಲಿ ಮಾಡಿಸೋ ನೋಟಿಸು.

ನಮ್ಮ ನಮೂನೆಯಲ್ಲಿ ಪಟ್ಟಿ ಇಲ್ಲ. ಎರಡೇ ಪ್ರಶ್ನೆ: ಸರ್ಟಿಫಿಕೇಟಿನಲ್ಲಿ ಏನಂತ ಇದೆ? ನೀವು ಏನಂತ ಹೇಳ್ಕೊಳ್ತೀರಿ? ಎರಡಕ್ಕೂ ಖಾಲಿ ಜಾಗ. ಹೇಳೋಕೆ ಇಷ್ಟ ಇಲ್ಲದಿದ್ದರೆ ಬಿಡಬಹುದು, ಆಮೇಲೆ ವಕೀಲರ ಹತ್ತಿರ ಹೇಳಬಹುದು. ಎಡಗೈ ಬಲಗೈ ಅಂತ ಒಳಗೊಳಗೇ ಲೆಕ್ಕ ಹಾಕ್ತಿರೋರಿಗೆ ಒಂದು ಮಾತು: ಈ ಉತ್ತರಗಳನ್ನ ಎಣಿಸಿ ಯಾರ ಕೇಸು ಎಷ್ಟು ಅಂತ ಗ್ರೂಪಿಗೆ ಹಾಕೋ ಕೆಲಸಕ್ಕೆ ಈ ಸೈಟು ಕೊಡಲ್ಲ. ಕೇಳಿ ಫೋನ್ ಮಾಡಬೇಡಿ.

ಇನ್ನು ನಿಜವಾಗ್ಲೂ ಜೀವದ ಪ್ರಶ್ನೆ. ದೌರ್ಜನ್ಯ ಆದ ಅರ್ಧ ಗಂಟೆಗೆ ನಮ್ಮವರೇ ಎಫ್‌ಐಆರ್ ಕಾಪಿ ಫೋಟೊ ಹೊಡೆದು ಫೇಸ್‌ಬುಕ್‌ಗೆ ಹಾಕ್ತಾರೆ. ಅದರಲ್ಲಿ ಹೆಸರು, ತಂದೆ ಹೆಸರು, ವಯಸ್ಸು, ಮನೆ, ಮೊಬೈಲ್ ನಂಬರ್. ಪಕ್ಕದಲ್ಲಿ ಅಳ್ತಿರೋ ಹೆಣ್ಣುಮಗಳ ಮುಖ. ಲೈಕು ಸಾವಿರ. ಆ ಸಾವಿರದಲ್ಲಿ ಆರೋಪಿಯ ಭಾಮೈದನೂ ಇರ್ತಾನೆ, ತಿಳ್ಕೊಳ್ಳಿ. ಅತ್ಯಾಚಾರದ ಕೇಸಿನಲ್ಲಿ ಗುರುತು ಬಯಲು ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅದೇ ಅಪರಾಧ, ಒಳ್ಳೇ ಉದ್ದೇಶ ಅಂತ ಹೇಳಿ ತಪ್ಪಿಸ್ಕೊಳ್ಳೋಕಾಗಲ್ಲ.

ಕಂಬಾಲಪಲ್ಲಿ ನೆನಪಿದೆಯಾ? 2000ದ ಮಾರ್ಚ್ 11. ಏಳು ಜನ ದಲಿತರನ್ನ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಯಾಕೆ? ಸಾಕ್ಷಿಗಳು ತಿರುಗಿಬಿದ್ದರು. ಸಾಕ್ಷಿ ಸುಮ್ಮನೆ ತಿರುಗಿಬೀಳಲ್ಲ. ಅವನು ಅದೇ ಊರಲ್ಲಿ ಬದುಕಬೇಕು, ಅದೇ ಅಂಗಡಿಯಲ್ಲಿ ಬೀಡಿ ಬೆಂಕಿಪೊಟ್ಟಣ ಕೊಳ್ಳಬೇಕು. ಆಗ ಸಾಕ್ಷಿ ಯಾರು ಅಂತ ತಿಳಿಯೋಕೆ ಊರಿನವನೇ ಆಗಿರಬೇಕಿತ್ತು. ಈಗ ನಾವೇ ಪಟ್ಟಿ ಮಾಡಿ, ಫೋಟೊ ಸಮೇತ, ಜಗತ್ತಿಗೆ ಹಂಚಿಬಿಡ್ತೀವಿ. ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ಗುಡಿಸಲು ಸುಟ್ಟ ಕೇಸಿಗೆ ಕೊಪ್ಪಳದ ಕೋರ್ಟು 98 ಜನಕ್ಕೆ ಜೀವಾವಧಿ ಕೊಟ್ಟಿದ್ದು 2024ರ ಅಕ್ಟೋಬರ್‌ನಲ್ಲಿ. ಹತ್ತು ವರ್ಷ! ಅಷ್ಟು ಕಾಲ ಒಬ್ಬ ಸಾಕ್ಷಿ ಗಟ್ಟಿಯಾಗಿ ನಿಲ್ಲಬೇಕಾದರೆ ಅವನ ಹೆಸರು ನಮ್ಮ ಬಾಯಿಂದ ಹೊರಗೆ ಬೀಳಬಾರದು.

ಆದ್ದರಿಂದ ನಮ್ಮ ಸೈಟಿನಲ್ಲಿ ಬಾಧಿತರ ಫೋಟೊ ಇಲ್ಲ, ಎಫ್‌ಐಆರ್ ಕಾಪಿ ಇಲ್ಲ, ಕೇರಿಯ ನಕ್ಷೆ ಇಲ್ಲ. ಫೋನಿಂದ ತೆಗೆದ ಫೋಟೊದ ಹೊಟ್ಟೆಯೊಳಗೆ ತೆಗೆದ ಜಾಗ, ಸಮಯ ಎರಡೂ ಅಡಗಿರಬಹುದು, ಅದನ್ನ ಅಳಿಸದೆ ಒಂದು ಫೋಟೊನೂ ಮೇಲೇರಿಸಲ್ಲ. ಬೇಕಾದಷ್ಟೇ ಕೇಳ್ತೀವಿ, ಕೆಲಸ ಮುಗಿದ ಮೇಲೆ ಅಳಿಸ್ತೀವಿ. ನಾವು ಇಟ್ಟುಕೊಳ್ಳದೇ ಇರೋದನ್ನ ಪೊಲೀಸರೂ ಕೇಳೋಕಾಗಲ್ಲ, ಕಳ್ಳನೂ ಕದಿಯೋಕಾಗಲ್ಲ.

ಹಾಗಾದರೆ ಸೈಟಲ್ಲಿ ಇರೋದೇನು? ದಿನದ ಲೆಕ್ಕ. ಎಫ್‌ಐಆರ್ ಆದ ತಾರೀಖು ಹಾಕಿ, ಸಾಕು. 60 ದಿನಕ್ಕೆ ಚಾರ್ಜ್‌ಶೀಟ್ ಹಾಕಬೇಕು, ತಡ ಆದರೆ ಯಾಕೆ ಅಂತ ಬರವಣಿಗೆಯಲ್ಲಿ ಹೇಳಬೇಕು ಅನ್ನೋದು ಕಾಯ್ದೆಯಲ್ಲೇ ಇದೆ. ತಕ್ಷಣದ ಪರಿಹಾರ 7 ದಿನದೊಳಗೆ ಅಂತ ನಿಯಮದಲ್ಲಿದೆ. ಉಳಿದ ಪರಿಹಾರ ಅಪರಾಧಕ್ಕೆ ತಕ್ಕ ಹಾಗೆ ಹಂತ ಹಂತವಾಗಿ ಬರಬೇಕು. ಬಾಯಲ್ಲಿ ಹೇಳಿದ್ದನ್ನ ಠಾಣಾಧಿಕಾರಿ ಬರೆಸಿ, ಓದಿ ಹೇಳಿ, ಆಮೇಲೆ ಸಹಿ ಹಾಕಿಸ್ಕೋಬೇಕು. ಇವೆಲ್ಲ ಯಾವ ದಿನಕ್ಕೆ ಬೀಳುತ್ತೆ ಅಂತ ಸೈಟು ಕನ್ನಡದಲ್ಲಿ ಹೇಳುತ್ತೆ, ಗಡುವು ದಾಟಿದ್ದರೆ ಡಿವೈಎಸ್‌ಪಿಗೂ ಜಿಲ್ಲಾಧಿಕಾರಿಗೂ ಕೊಡೋ ಅರ್ಜಿ ಬರೆದು ಕೊಡುತ್ತೆ. ಹೆಸರು ತುಂಬಿ ಸಹಿ ಹಾಕಿದರೆ ಆಯ್ತು. ಹೊಳೆಯೋದಿಲ್ಲ, ಹಾರೋದಿಲ್ಲ. ಆದರೆ ಆ ಅರ್ಜಿ ಹಿಡ್ಕೊಂಡು ಹೋದೋನಿಗೆ ಕಾರಕೂನ "ನಾಳೆ ಬಾ" ಅನ್ನೋದು ಕಷ್ಟ.

ಕೊನೆಗೆ ಶೀರ್ಷಿಕೆಯ ಪ್ರಶ್ನೆ. ಫೇಸ್‌ಬುಕ್ ಪೇಜ್ ಇರೋವಾಗ ಸೈಟ್ ಯಾಕೆ ಅಂತ ಕೇಳೋರಿಗೆ: ನೂರು ಜನ ಸೇರಿ ರಿಪೋರ್ಟ್ ಹೊಡೆದರೆ ನಿಮ್ಮ ಪೇಜ್ ಬೆಳಿಗ್ಗೆ ಇರುತ್ತೆ ಅಂತ ಯಾವ ಗ್ಯಾರಂಟಿ? 1920ರ ಜನವರಿ 31ಕ್ಕೆ ಬಾಬಾಸಾಹೇಬರು 'ಮೂಕನಾಯಕ' ಶುರು ಮಾಡಿದಾಗ ದುಡ್ಡು ಕೊಡ್ತೀವಿ ಅಂದರೂ 'ಕೇಸರಿ' ಅದರ ಜಾಹೀರಾತು ಹಾಕಲಿಲ್ಲ. ಬೇರೆಯವರ ಜಗಲಿ ಯಾವತ್ತಿದ್ದರೂ ಬೇರೆಯವರದೇ. ಈ ಪೋಸ್ಟೂ ಅಂಥ ಜಗಲಿ ಮೇಲೇ ಕೂತಿದೆ, ಅದಕ್ಕೇ ಇದರ ಒಂದು ಪ್ರತಿ ಸೈಟಲ್ಲಿ ಇಟ್ಟಿದ್ದೀನಿ.

ಆದರೆ ನಮ್ಮದೇ ಜಗಲಿ ಕಟ್ಟಿ ಅದರ ಬೀಗದ ಕೈ ಒಬ್ಬರ ಜೇಬಿಗೆ ಹಾಕಿದರೆ? ಹಿಂದೆ ಚಳವಳಿಯ ಎಷ್ಟೋ ಸೈಟು ಸತ್ತಿದ್ದು ಹೀಗೇ. ವಿಳಾಸ ಯಾರೋ ಒಬ್ಬ ಅಣ್ಣನ ಸ್ವಂತ ಇಮೇಲಿಂದ ಕೊಂಡಿದ್ದು. ಸಂಘಟನೆ ಎರಡಾಯ್ತು, ಸೈಟು ಅಣ್ಣನ ಬಣದ ಜೊತೆ ಹೋಯ್ತು. ಅಥವಾ ಅಣ್ಣ ತೀರಿಕೊಂಡರು, ವರ್ಷಕ್ಕೊಮ್ಮೆ ಕಟ್ಟೋ ದುಡ್ಡು ಕಟ್ಟೋರಿಲ್ಲ, ಬಿಟ್ಟ ಹೆಸರನ್ನ ಯಾರೋ ಕೊಂಡು ಇಸ್ಪೀಟಿನ ಜಾಹೀರಾತು ಹಾಕಿದರು. ದಸಂಸ ಎಷ್ಟು ಹೋಳಾಗಿದೆ ಅಂತ ಈಗ ನಾನು ಎಣಿಸಿ ಹೇಳಬೇಕಾ? ಪ್ರತಿ ಹೋಳಿನ ಜೊತೆ ಒಂದಷ್ಟು ಕಾಗದ, ಒಂದಷ್ಟು ಫೋಟೊ, ಒಂದು ಪಾಸ್‌ವರ್ಡ್ ಹೋಗಿದೆ.

ನಮ್ಮ ಸೈಟಿನ ವಿಳಾಸ ನೋಂದಾಯಿತ ಟ್ರಸ್ಟ್ ಹೆಸರಲ್ಲಿದೆ. ಕೀಲಿ ಇಬ್ಬರ ಹತ್ತಿರ, ಅದರಲ್ಲಿ ಒಬ್ಬರು ಹೆಂಗಸು ಆಗಿರಲೇಬೇಕು ಅಂತ ಠರಾವು ಆಗಿದೆ. ಮೂರನೇ ಪ್ರತಿ ಮೊಹರು ಹಾಕಿದ ಲಕೋಟೆಯಲ್ಲಿ ವಕೀಲರ ಬೀರುವಿನಲ್ಲಿದೆ. ಎಲ್ಲಾ ಕಾಗದದ ನಕಲು ಬೇರೆ ಬೇರೆ ಜಿಲ್ಲೆಯ ಮೂರು ಮನೆಗಳ ಹಾರ್ಡ್ ಡಿಸ್ಕಿನಲ್ಲಿದೆ. ವಿಳಾಸಕ್ಕೆ ಐದು ವರ್ಷದ ದುಡ್ಡು ಮುಂಚೆಯೇ ಕಟ್ಟಿದೆ. ನಾಳೆ ನಾವೂ ಜಗಳ ಆಡಿ ಎರಡಾಗಬಹುದು, ಯಾರು ಕಂಡೋರು. ಆದರೆ ಎರಡಾದರೂ ಎರಡೂ ಕಡೆಯವರು ಅದೇ ಸೈಟಿಗೇ ಬಂದು ಹಳೇ ಕರಪತ್ರ ಓದೋ ಹಾಗಿರಲಿ ಅಂತ ಇಷ್ಟೆಲ್ಲ. ಮುಖಪುಟದಲ್ಲಿ ಫೋಟೊ ಕೇಳಿದೋರ ಪೈಕಿ ಒಬ್ಬರಾದರೂ, ಒಬ್ಬರೇ ಒಬ್ಬರು, "ಪಾಸ್‌ವರ್ಡ್ ಯಾರ ಹತ್ತಿರ ಇದೆ" ಅಂತ ಕೇಳಿದ್ದರೆ ನನಗೆ ಈ ಪೋಸ್ಟ್ ಬರೆಯೋ ಕೆಲಸ ಇರ್ತಿರಲಿಲ್ಲ.

ಸದ್ಯಕ್ಕೆ ಬೇಕಾಗಿರೋದು: ನಿಮ್ಮ ತಾಲ್ಲೂಕಿನ ಡಿಟಿಪಿ ಅಂಗಡಿಯ ಹಳೇ ಕಂಪ್ಯೂಟರಿನಲ್ಲಿ, ನಿಮ್ಮ ಅಟ್ಟದ ಮೇಲಿನ ಸಿಡಿಗಳಲ್ಲಿ ಬಿದ್ದಿರೋ ಫೈಲುಗಳು. ಪೇಜ್‌ಮೇಕರ್ ಆದರೂ ಸರಿ, ನುಡಿ ಆದರೂ ಸರಿ, ಅರ್ಧ ತೆರೆದುಕೊಂಡು ನಿಂತರೂ ಸರಿ. ಅಂಗಡಿಯವನು ಕಂಪ್ಯೂಟರ್ ಗುಜರಿಗೆ ಹಾಕೋ ಮುಂಚೆ ಹೋಗಿ ಪೆನ್‌ಡ್ರೈವ್‌ಗೆ ಹಾಕಿಸ್ಕೊಂಡು ಬನ್ನಿ. ಅವನು ನೂರು ರೂಪಾಯಿ ಕೇಳಿದರೆ ಕೊಡಿ, ರಸೀದಿ ತಂದರೆ ವಾಪಸ್ ಕೊಡ್ತೀವಿ. ಸಂಚಾಲಕರ ಫೋಟೊ ಕಳಿಸಬೇಡಿ, ಈಗಾಗಲೇ ಇನ್ನೂರು ಬಂದಿವೆ.

ಜೈ ಭೀಮ್.